ಗಂಧದ ಕೊರಡಿನಿಂದ ಸಾಬೂನಿನವರೆಗೆ



ಹಬ್ಬದ ದಿನ ತಲೆಗೆ ನೀರು ಹಾಕಿಕೊಳ್ಳುವಾಗ ಮೈಸೂರು ಸ್ಯಾಂಡಲ್ ಸಾಬೂನಿನ ಪರಿಮಳ ನಿಮಗೆಲ್ಲ ಗೊತ್ತಿದ್ದದ್ದೇ. ಅದು ತಯಾರಾಗುವುದು ಬೆಂಗಳೂರಿನ ರಾಜಾಜಿನಗರದಲ್ಲಿ. ಆ ಸಾಬೂನಿನ ಹಿಂದೆ ಒಂದು ವಿದ್ಯಾಸಂಸ್ಥೆ, ಒಂದು ಸರ್ಕಾರ, ಒಂದು ಕಾರ್ಖಾನೆ ಕೈ ಜೋಡಿಸಿದ ಕಥೆ ಇದೆ. ರೈತನಿಗೆ ಅದರಲ್ಲಿ ಏನು ಸಂಬಂಧ ಅಂತೀರಾ? ಸ್ವಲ್ಪ ತಾಳ್ಮೆಯಿಂದ ಕೇಳಿ.

ಮೈಸೂರು ಸಂಸ್ಥಾನಕ್ಕೆ ಶ್ರೀಗಂಧ ಬಹುಕಾಲದಿಂದ ದೊಡ್ಡ ಆದಾಯ. ಆದರೆ ಆಗ ನಾವು ಮಾರುತ್ತಿದ್ದದ್ದು ಬರೀ ಕೊರಡು. ಹರಾಜಿನಲ್ಲಿ ಹೋದ ಕೊರಡು ಹಡಗು ಹತ್ತಿ ಮುಖ್ಯವಾಗಿ ಜರ್ಮನಿಗೆ ಸೇರುತ್ತಿತ್ತು. ಎಣ್ಣೆ ತೆಗೆಯುವ ವಿದ್ಯೆ ಅಲ್ಲಿನವರ ಕೈಲಿತ್ತು, ಲಾಭವೂ ಅವರದೇ. ಮರ ನಮ್ಮದು, ಪರಿಮಳ ಪರರದು ಎಂಬಂತಾಗಿತ್ತು.

1914ರಲ್ಲಿ ಮೊದಲನೆಯ ಮಹಾಯುದ್ಧ ಶುರುವಾಯಿತು. ಜರ್ಮನಿಯ ವ್ಯಾಪಾರ ನಿಂತುಹೋಯಿತು. ಕಡಿದ ಗಂಧ ಹಾಗೇ ರಾಶಿ ಬಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರು, ಆಲ್ಫ್ರೆಡ್ ಚಾಟರ್ಟನ್ ಎಂಬುವರು ಕೈಗಾರಿಕೆಯ ಮುಖ್ಯಾಧಿಕಾರಿ. ಕೊಳ್ಳುವವರು ಬರಲಿ ಅಂತ ಕಾಯುತ್ತಾ ಕೂರುವ ಬದಲು, ಎಣ್ಣೆಯನ್ನು ನಾವೇ ತೆಗೆಯೋಣ ಎಂದು ಇವರು ಹೊರಟರು.

ಹೊರಟರೇನೋ ಸರಿ, ವಿದ್ಯೆ ಎಲ್ಲಿಂದ ಬರಬೇಕು? ಬೆಂಗಳೂರಿನ ಯಶವಂತಪುರದ ಪಕ್ಕದಲ್ಲೇ ಭಾರತೀಯ ವಿಜ್ಞಾನ ಮಂದಿರವಿತ್ತು. ಜನ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಿದ್ದರು. ಜೆಮ್‌ಶೆಟ್‌ಜಿ ಟಾಟಾ ಅವರ ದಾನದಿಂದ 1909ರಲ್ಲಿ ಸ್ಥಾಪನೆಯಾದ ಸಂಸ್ಥೆ ಅದು. ಅದಕ್ಕೆ ಸುಮಾರು 371 ಎಕರೆ ಜಮೀನು ಕೊಟ್ಟದ್ದು ಮೈಸೂರು ಸಂಸ್ಥಾನ. ಅಲ್ಲಿನ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಅವರು ಗಂಧದ ಎಣ್ಣೆ ತೆಗೆಯುವ ಪ್ರಯೋಗಕ್ಕೆ ಕೈ ಹಾಕಿದರು.

ಕೆಲಸದ ರೀತಿ ಹೀಗೆ. ಇಡ್ಲಿ ಬೇಯಿಸುವಾಗ ಮುಚ್ಚಳದ ಒಳಗೆ ಹನಿ ಕಟ್ಟುವುದನ್ನು ತಾಯಂದಿರು ನೋಡಿದ್ದೀರಿ. ಗಂಧದ ಚೇಗನ್ನು ಪುಡಿ ಮಾಡಿ ಅದರೊಳಗೆ ಹಬೆ ಹಾಯಿಸಿದರೆ, ಹಬೆ ಎಣ್ಣೆಯನ್ನು ಹೊತ್ತು ಹೊರಗೆ ಬರುತ್ತದೆ. ಅದನ್ನು ತಣ್ಣಗೆ ಮಾಡಿದರೆ ನೀರಿನ ಮೇಲೆ ಎಣ್ಣೆ ತೇಲುತ್ತದೆ. ಹೇಳುವುದಕ್ಕೆ ಸುಲಭ. ಆದರೆ ಗಂಧದ ಎಣ್ಣೆ ಬಲು ನಿಧಾನವಾಗಿ ಬಿಡುತ್ತದೆ. ಮೇಲಿನ ಬಿಳಿ ಮರದಲ್ಲಿ ಅದು ಇಲ್ಲ. ಚೇಗಿನಲ್ಲಿ, ಬೇರಿನಲ್ಲಿ ಮಾತ್ರ. ಪ್ರಯೋಗಶಾಲೆಯ ಗಾಜಿನ ಪಾತ್ರೆಯಲ್ಲಿ ಆದದ್ದು ದೊಡ್ಡ ಹಂಡೆಯಲ್ಲೂ ಆಗಬೇಕು, ಎಣ್ಣೆಯ ಗುಣ ಕೆಡಬಾರದು, ಖರ್ಚೂ ಗಿಟ್ಟಬೇಕು. ಇದೆಲ್ಲ ಕೂಡಿಬಂದು 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಎಣ್ಣೆ ಕಾರ್ಖಾನೆ ನಡೆಯತೊಡಗಿತು.

ಎಣ್ಣೆಯಾದ ಮೇಲೆ ಸಾಬೂನು. ಎಸ್. ಜಿ. ಶಾಸ್ತ್ರಿಗಳೆಂಬ ರಸಾಯನ ಶಾಸ್ತ್ರಜ್ಞರನ್ನು ಸರ್ಕಾರ ಇಂಗ್ಲೆಂಡಿಗೆ ಕಳುಹಿಸಿ ಆ ವಿದ್ಯೆ ಕಲಿಸಿತು. ಅವರು ಮರಳಿ ಬಂದು, 1918ರ ಹೊತ್ತಿಗೆ ಮೈಸೂರಿನ ಗಂಧದ ಸಾಬೂನು ಅಂಗಡಿಗೆ ಬಂತು. 1957ರಲ್ಲಿ ಸಾಬೂನಿನ ಕಾರ್ಖಾನೆ ರಾಜಾಜಿನಗರದ ಕೈಗಾರಿಕಾ ಬಡಾವಣೆಗೆ ಸ್ಥಳಾಂತರವಾಯಿತು. 1980ರಲ್ಲಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಲಿಮಿಟೆಡ್ ಎಂಬ ಸರ್ಕಾರಿ ಕಂಪನಿಯಾಯಿತು. ಈಗ ಮೆಟ್ರೋ ರೈಲಿನ ಒಂದು ನಿಲ್ದಾಣಕ್ಕೇ ಅದರ ಹೆಸರಿದೆ.

ಇಷ್ಟು ಸಂತೋಷದ ಮಾತು. ಇನ್ನೊಂದು ಮಾತನ್ನೂ ಆಡಬೇಕು. ಒಲೆಗೆ ಮೂರು ಗುಂಡು ಬೇಕು. ಇಲ್ಲಿ ವಿದ್ಯೆ ಒಂದು ಗುಂಡು, ಕಾರ್ಖಾನೆ ಇನ್ನೊಂದು. ಮೂರನೆಯ ಗುಂಡಾದ ರೈತನನ್ನು ಮರೆತದ್ದಾಯಿತು. ಟಿಪ್ಪು ಸುಲ್ತಾನನ ಕಾಲದಿಂದ ಗಂಧ ರಾಜವೃಕ್ಷ. ನಿಮ್ಮ ಬದುವಿನಲ್ಲಿ ಹುಟ್ಟಿದರೂ ಮರ ಸರ್ಕಾರದ್ದು. ಕಳುವಾದರೆ ವಿಚಾರಣೆ ಮಾತ್ರ ನಿಮಗೆ. ಹೀಗಿದ್ದ ಮೇಲೆ, ಹಕ್ಕಿ ಹಾಕಿದ ಬೀಜದಿಂದ ಎದ್ದ ಸಸಿಯನ್ನು ಯಾರು ಉಳಿಸ್ತಾರೆ? ಕಿತ್ತು ಹಾಕುವುದೇ ಕ್ಷೇಮ ಅನ್ನಿಸಿತು.

ಇದರ ಜೊತೆಗೆ ಸ್ಪೈಕ್ ರೋಗ. ಎಲೆ ಕಿರಿದಾಗಿ, ಕೊಂಬೆ ಪೊರಕೆಯಂತಾಗಿ ಮರ ಸಾಯುತ್ತದೆ. ವಿಜ್ಞಾನಿಗಳು ದಶಕಗಟ್ಟಲೆ ದುಡಿದು, 1969ರಲ್ಲಿ ಅದರ ಹಿಂದಿನ ಸೂಕ್ಷ್ಮಜೀವಿಯನ್ನು ಗುರುತಿಸಿದರು. ಮರವನ್ನು ಪೂರ್ತಿ ಗುಣಪಡಿಸುವ ಮದ್ದು ಇನ್ನೂ ಕೈಗೆ ಬಂದಿಲ್ಲ. ರೋಗ, ಕಳವು, ರೈತನ ನಿರುತ್ಸಾಹ ಮೂರೂ ಸೇರಿ ಗಂಧದ ನಾಡಿನಲ್ಲೇ ಗಂಧಕ್ಕೆ ಬರ ಬಂತು.

2001ರಲ್ಲಿ ಕರ್ನಾಟಕದ ಅರಣ್ಯ ಕಾಯಿದೆ ತಿದ್ದುಪಡಿಯಾಯಿತು. ಈಗ ನಿಮ್ಮ ಹಿಡುವಳಿಯ ಗಂಧದ ಮರ ನಿಮ್ಮದೇ. ಕಡಿಯುವುದಕ್ಕೆ ಮಾತ್ರ ಅರಣ್ಯ ಇಲಾಖೆಯ ಅನುಮತಿ ಬೇಕು. ಆದ್ದರಿಂದ ಮರಗಳನ್ನು ಪಹಣಿಯಲ್ಲಿ ಬರೆಸಿಡಿ. ಗಂಧ ಒಂಟಿಯಾಗಿ ಬಾಳುವ ಗಿಡವಲ್ಲ. ಪಕ್ಕದ ಗಿಡದ ಬೇರಿಗೆ ತನ್ನ ಬೇರು ಕಚ್ಚಿ ಆಹಾರ ಹೀರುತ್ತದೆ. ಮೊದಲು ತೊಗರಿ, ಆಮೇಲೆ ಗಾಳಿಮರ, ಹೊಂಗೆ ಜೊತೆಗಿರಲಿ. ಚೇಗು ಕಟ್ಟುವುದಕ್ಕೆ ಹತ್ತಾರು ವರ್ಷ ಬೇಕು, ಕಾವಲಿನ ಖರ್ಚೂ ಇದೆ. ಸಾಲ ಮಾಡಿ ಇಡೀ ಹೊಲಕ್ಕೆ ನೆಡಬೇಡಿ. ರಾಗಿ ಬಿಟ್ಟು ಗಂಧ ಉಣ್ಣೋಕಾಗಲ್ಲ. ಬದುವಿನಲ್ಲಿ ಶುರುಮಾಡಿ. ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ವಿಚಾರಿಸಿ.

ವಿದ್ಯಾಮಂದಿರ ಮತ್ತು ಕಾರ್ಖಾನೆ ಸೇರಿದರೆ ದೇಶಕ್ಕೆ ಲಾಭ, ನಿಜ. ಬೆಳೆಯುವವನಿಗೂ ಅದರಲ್ಲಿ ಪಾಲಿದ್ದರೆ ಆ ಲಾಭ ನಿಲ್ಲುತ್ತದೆ. ಮುಂದೆ ನಿಮ್ಮೂರಿಗೆ ಯಾವ ಕಂಪನಿ, ಯಾವ ವಿಶ್ವವಿದ್ಯಾನಿಲಯ ಹೊಸ ಬೆಳೆ ತಂದರೂ, ನಮ್ಮ ಪಾಲೆಷ್ಟು ಅಂತ ಮೊದಲೇ ಕೇಳಿ. ಕೇಳುವುದು ತಪ್ಪಲ್ಲ.