ನೂರು ಪೌಂಡಿನ ಮಾತು

ಎಷ್ಟೇ ಓದು ಬರಹ ಬಲ್ಲವರಾದರೂ ಜಾಹೀರಾತಿನ ಮುಂದೆ ನಾವೆಲ್ಲ ಸ್ವಲ್ಪ ಮೆತ್ತಗಾಗುವವರೇ. ಹೊಸ ಯಂತ್ರವೊಂದು ಮನೆಯ ಕಷ್ಟವನ್ನೆಲ್ಲ ನೀಗಿಸುತ್ತದೆ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದರೆ 'ಇದ್ದರೂ ಇರಬಹುದು' ಅನಿಸುತ್ತದೆ. ಕೊಂಡು ಮೋಸಹೋದ ಮೇಲೆ 'ಜಾಹೀರಾತಲ್ಲವೇ, ಬಿಡು' ಎಂದು ಸುಮ್ಮನಾಗುತ್ತೇವೆ. ಹಾಗೆ ಸುಮ್ಮನಾಗದ ಒಬ್ಬ ಹೆಂಗಸಿನ ಕಥೆ ಇದು. ಲಂಡನ್ನಿನಲ್ಲಿ ನಡೆದು ನೂರಮೂವತ್ತು ವರ್ಷ ದಾಟಿದರೂ ನಮ್ಮ ಕಾನೂನು ಕಾಲೇಜುಗಳಲ್ಲಿ ಒಪ್ಪಂದದ ಪಾಠ ಅವಳನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

1889ರಿಂದ ಯೂರೋಪಿನಲ್ಲಿ ಇನ್‌ಫ್ಲುಯೆಂಜಾ ಜ್ವರ ಅಲೆಯಲೆಯಾಗಿ ಬಂತು. ರೋಗಕ್ಕೆ ಕಾರಣವೇನೆಂದು ಆಗ ವೈದ್ಯರಿಗೇ ಗೊತ್ತಿರಲಿಲ್ಲ. ಭಯವಿದ್ದಲ್ಲಿ ವ್ಯಾಪಾರ ಇದ್ದೇ ಇರುತ್ತದಲ್ಲ! 'ಕಾರ್ಬಾಲಿಕ್ ಸ್ಮೋಕ್ ಬಾಲ್' ಎಂಬ ಪೇಟೆಂಟ್ ಪಡೆದ ಸಾಧನ ಮಾರುಕಟ್ಟೆಗೆ ಬಂತು. ರಬ್ಬರಿನ ಒಂದು ಚೆಂಡು, ಅದಕ್ಕೊಂದು ಕೊಳವೆ, ಒಳಗೆ ಕಾರ್ಬಾಲಿಕ್ ಪುಡಿ. ಕೊಳವೆಯನ್ನು ಮೂಗಿಗೆ ಹಿಡಿದು ಚೆಂಡನ್ನು ಅಮುಕಿದರೆ ಪುಡಿ ಹೊಗೆಯಂತೆ ಒಳಗೆ ಹೋಗುತ್ತಿತ್ತು. ನೆಗಡಿ, ಉಬ್ಬಸ, ನಾಯಿಕೆಮ್ಮು, ತಲೆನೋವು, ಕೊನೆಗೆ ಗೊರಕೆಯೂ ಇದರಿಂದ ಹೋಗುತ್ತದೆಂದು ಕಂಪನಿ ಸಾರಿತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಕಂಪನಿ ಬಚಾವಾಗುತ್ತಿತ್ತೋ ಏನೋ. 1891ರ ನವೆಂಬರಿನಲ್ಲಿ ಅದು ಪತ್ರಿಕೆಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ದಿನಕ್ಕೆ ಮೂರು ಸಲದಂತೆ ಎರಡು ವಾರ, ಹೇಳಿದ ಕ್ರಮದಲ್ಲಿ ಬಳಸಿದ ಮೇಲೂ ಯಾರಿಗಾದರೂ ಇನ್‌ಫ್ಲುಯೆಂಜಾ ಬಂದರೆ 100 ಪೌಂಡ್ ಕೊಡುತ್ತೇವೆ. ನಮ್ಮ ಮಾತಿಗೆ ಸಾಕ್ಷಿಯಾಗಿ 1,000 ಪೌಂಡನ್ನು ಬ್ಯಾಂಕಿನಲ್ಲಿ ಇಟ್ಟಿದ್ದೇವೆ ಎಂದಿತು. ಚೆಂಡಿನ ಬೆಲೆ 10 ಶಿಲ್ಲಿಂಗ್, ಎಂದರೆ ಅರ್ಧ ಪೌಂಡು.

ಲೂಯಿಸಾ ಕಾರ್ಲಿಲ್ ಎಂಬಾಕೆ ಇದನ್ನೋದಿ ಚೆಂಡನ್ನು ಕೊಂಡಳು. ದಿನಕ್ಕೆ ಮೂರು ಸಲ ತಪ್ಪದೆ ಬಳಸಿದಳು. ಎರಡು ವಾರವಲ್ಲ, ಸುಮಾರು ಎರಡು ತಿಂಗಳು. 1892ರ ಜನವರಿ 17ರಂದು ಇನ್‌ಫ್ಲುಯೆಂಜಾ ಬಂದೇ ಬಂತು. ಕಾನೂನು ಓದಿದ್ದ ಗಂಡ ಕಂಪನಿಗೆ ಪತ್ರ ಬರೆದ. ಮೊದಲು ಉತ್ತರವಿಲ್ಲ. ಆಮೇಲೆ ಬಂದ ಉತ್ತರ ಓದಿದರೆ ನಗು ಬರುತ್ತದೆ: ಹಣ ಕೇಳುವವರು ದಿನವೂ ನಮ್ಮ ಕಚೇರಿಗೆ ಬಂದು, ಕಾರ್ಯದರ್ಶಿಯ ಕಣ್ಣೆದುರಿಗೇ ಚೆಂಡನ್ನು ಬಳಸಬೇಕಿತ್ತಂತೆ!

ಆಕೆ ಕೋರ್ಟಿಗೆ ಹೋದಳು, ಅದೂ ತನ್ನ ಹೆಸರಿನಲ್ಲೇ. ಇದು ಸಣ್ಣ ಸಂಗತಿಯಲ್ಲ. ಮದುವೆಯಾದ ಹೆಂಗಸು ತಾನೇ ದಾವೆ ಹೂಡಬಹುದೆಂದು ಇಂಗ್ಲೆಂಡಿನಲ್ಲಿ ಕಾನೂನಾದದ್ದು 1882ರಲ್ಲಿ. ಹತ್ತೇ ವರ್ಷ ಹಿಂದೆ ಸಿಕ್ಕಿದ್ದ ಹಕ್ಕನ್ನು ಆಕೆ ಬಳಸಿಕೊಂಡಳು.

ಕೆಳಗಿನ ಕೋರ್ಟಿನಲ್ಲಿ ಕಂಪನಿಯ ಪರ ವಾದಿಸಿದ ವಕೀಲರಲ್ಲಿ ಒಬ್ಬರು ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಆಸ್ಕ್ವಿತ್. ಕಂಪನಿಯ ವಾದ ನಮಗೆ ಪರಿಚಿತವೇ: ಅದು ಬರೀ ಬಡಾಯಿ, ಅದನ್ನು ಯಾರಾದರೂ ನಂಬುತ್ತಾರೆಯೇ? ಇಡೀ ಲೋಕದೊಂದಿಗೆ ಒಪ್ಪಂದ ಮಾಡಿಕೊಳ್ಳುವುದುಂಟೆ? ಆಕೆ ನಮಗೆ ಒಪ್ಪಿಗೆಯನ್ನಾದರೂ ತಿಳಿಸಿದ್ದಳೆ? 1892ರ ಡಿಸೆಂಬರಿನಲ್ಲಿ ಮೇಲ್ಮನವಿ ಕೋರ್ಟಿನ ಮೂವರು ನ್ಯಾಯಾಧೀಶರೂ ಇದನ್ನು ತಳ್ಳಿಹಾಕಿದರು. ಬಡಾಯಿಯಾಗಿದ್ದರೆ ಬ್ಯಾಂಕಿನಲ್ಲಿ ಹಣ ಇಟ್ಟದ್ದೇಕೆ? ಕಳೆದುಹೋದ ನಾಯಿಯನ್ನು ತಂದುಕೊಟ್ಟವರಿಗೆ ಬಹುಮಾನವೆಂದರೆ, ಹುಡುಕಲು ಹೊರಟವರೆಲ್ಲ ಮೊದಲು ಒಪ್ಪಿಗೆಪತ್ರ ಬರೆಯುತ್ತಾರೆಯೆ? ಹೇಳಿದಂತೆ ಮಾಡಿದ್ದೇ ಒಪ್ಪಿಗೆ. 100 ಪೌಂಡ್ ಆಕೆಗೆ ಸೇರಿತು. ಎಂದರೆ ಚೆಂಡಿನ ಬೆಲೆಯ ಇನ್ನೂರು ಪಟ್ಟು.

ಆದರೆ ಈ ಗೆಲುವಿನೊಳಗೆ ಒಂದು ಬಿರುಕಿದೆ. ಚೆಂಡು ಕೆಲಸಕ್ಕೆ ಬಾರದ್ದು ಎಂಬುದಕ್ಕಾಗಿ ಆಕೆ ಗೆಲ್ಲಲಿಲ್ಲ. ಹಣದ ಮಾತು ಕೊಟ್ಟಿದ್ದರು ಎಂಬುದಕ್ಕಾಗಿ ಗೆದ್ದಳು. ಗೊರಕೆ ಹೋಗುತ್ತದೆಂದು ನಂಬಿ ಕೊಂಡವರಿಗೆ ಈ ತೀರ್ಪಿನಿಂದ ಕಾಸೂ ಸಿಗುವಂತಿರಲಿಲ್ಲ. ಕಂಪನಿಗೂ ಪಾಠ ಬೇಗ ಅರ್ಥವಾಯಿತು. 1893ರಲ್ಲಿ ಬಹುಮಾನವನ್ನು 200 ಪೌಂಡಿಗೆ ಏರಿಸಿತು; ಜೊತೆಗೆ, ಚೆಂಡನ್ನು ಬಳಸುವ ಮೊದಲೇ ಷರತ್ತುಗಳಿಗೆ ಸಹಿ ಮಾಡಿ ಕಂಪನಿಗೆ ಒಪ್ಪಿಸಬೇಕೆಂದು ಸೇರಿಸಿತು. ಇವತ್ತು ನಮ್ಮ ಜಾಹೀರಾತುಗಳ ಬುಡದಲ್ಲಿ ಇರುವೆ ಸಾಲಿನಂತೆ ಕಾಣುವ ಸಣ್ಣ ಅಕ್ಷರಗಳು ಅದೇ ಜಾತಿಯವು.

ಈ ಬಿರುಕನ್ನು ಮುಚ್ಚಲು ನಮ್ಮಲ್ಲಿ ಬೇರೆಯೇ ಕಾನೂನು ಬೇಕಾಯಿತು. 1986ರ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬಹುಮಾನದ ಮಾತಿಲ್ಲದಿದ್ದರೂ ದೂರು ಕೊಡುವ ದಾರಿಯಾಯಿತು. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಕಾಯಿದೆಯಂತೆ, ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ದೂರನ್ನು ನಾವಿರುವ ಜಿಲ್ಲೆಯ ಆಯೋಗದಲ್ಲೇ ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು, ಅಷ್ಟೆ. ವಕೀಲರು ಇರಲೇಬೇಕೆಂದಿಲ್ಲ, ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.

ಕಾರ್ಲಿಲ್ 1942ರವರೆಗೆ, ತುಂಬು ತೊಂಬತ್ತಾರು ವರ್ಷ ಬಾಳಿದಳು. ಆ ಚೆಂಡು ಯಾವಾಗಲೋ ಅಂಗಡಿಗಳಿಂದ ಮಾಯವಾಯಿತು. ಅವಳು ಕೇಳಿದ ಪ್ರಶ್ನೆ ಮಾತ್ರ ಉಳಿದಿದೆ. ಅಚ್ಚುಹಾಕಿಸಿ ಹೇಳಿದ ಮೇಲೆ ಮಾತು ಮಾತೇ ತಾನೆ? ಕೇಳುವ ಹಕ್ಕು ನಮಗಿದೆ. ರಸೀದಿಯನ್ನೂ ಜಾಹೀರಾತಿನ ಆ ತುಂಡನ್ನೂ ಜೋಪಾನವಾಗಿ ಎತ್ತಿಡುವ ಅಭ್ಯಾಸವೊಂದು ನಮಗೆ ಬರಬೇಕು.