‘ಸೈಕೋ’ ಅಂದರೆ ಎಲ್ಲರೂ ಒಂದೇ ಅಲ್ಲ

ಹೆಂಗಸು ಕೊಲೆ ಮಾಡಿದರೆ ಜನ ಕೂಡಲೇ ‘ಸೈಕೋ’ ಅಂತಾರೆ. ಸೈಕೋಪತಿ ಮತ್ತು ಸೈಕೋಸಿಸ್ ಬೇರೆ ಬೇರೆ. ಸೈಕೋಪತಿ ಎಂದರೆ ಮರುಕ, ಪಶ್ಚಾತ್ತಾಪ ಇಲ್ಲದ ಸ್ವಭಾವ. ಮಾಡುತ್ತಿರುವುದೇನೆಂಬ ಅರಿವು ಇರುತ್ತದೆ. ಸೈಕೋಸಿಸ್‌ನಲ್ಲಿ ವಾಸ್ತವದ ಅರಿವೇ ತಪ್ಪುತ್ತದೆ. 1000 ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ ಇದು ಬರುತ್ತದೆ: ನಿದ್ದೆ ಇಲ್ಲ, ಇಲ್ಲದ ದನಿ ಕೇಳುತ್ತದೆ. ಹೆಚ್ಚಿನವರು ಯಾರಿಗೂ ಕೈ ಎತ್ತುವುದಿಲ್ಲ.

ಅಮೆರಿಕದ ಟೆಕ್ಸಾಸ್‌ನ ಆಂಡ್ರಿಯಾ ಯೇಟ್ಸ್ 2001ರಲ್ಲಿ ತನ್ನ ಐವರು ಮಕ್ಕಳನ್ನು ಸ್ನಾನದ ತೊಟ್ಟಿಯಲ್ಲಿ ಮುಳುಗಿಸಿ ಕೊಂದಳು. 2002ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಅದು ರದ್ದಾಗಿ, 2006ರಲ್ಲಿ ಜೂರಿ ಮನೋರೋಗದ ಕಾರಣಕ್ಕೆ ನಿರ್ದೋಷಿ ಎಂದಿತು. ಹೋದದ್ದು ಮನೆಗಲ್ಲ, ಮಾನಸಿಕ ಆಸ್ಪತ್ರೆಗೆ.

ಭಾರತದಲ್ಲೂ ನ್ಯಾಯ ಸಂಹಿತೆಯ 22ನೇ ಸೆಕ್ಷನ್ (ಹಿಂದಿನ ಐಪಿಸಿ 84) ತನ್ನ ಕೃತ್ಯ ಏನೆಂದೇ ತಿಳಿಯದ ಮನೋರೋಗಿಗೆ ರಕ್ಷಣೆ ಕೊಡುತ್ತದೆ. ಬರೀ ಕಲ್ಲು ಮನಸ್ಸಿಗೆ ಕೊಡುವುದಿಲ್ಲ.

ಬಾಣಂತಿಗೆ ‘ಜಿನ್ನ್ ಹಿಡಿದಿದೆ’ ಎಂದು ನೂಲು ಕಟ್ಟಿ ದಿನ ಕಳೆಯುವುದೇ ಅಪಾಯ. ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ಔಷಧಿಯಿಂದ ಬಹುತೇಕರು ಗುಣವಾಗುತ್ತಾರೆ.