ಮದ್ದಿನ ಮನೆ

ಕನ್ನಡದಲ್ಲಿ ಮದ್ದು ಎಂಬ ಮಾತಿಗೆ ಎರಡು ಅರ್ಥಗಳುಂಟು. ರೋಗಿಗೆ ಕೊಡುವುದೂ ಮದ್ದು, ತೋಪಿಗೆ ತುಂಬುವುದೂ ಮದ್ದು. ಒಂದೇ ಮಾತಿನಲ್ಲಿ ಇವೆರಡೂ ಹೇಗೆ ಕೂಡಿಕೊಂಡವೆಂಬುದನ್ನು ಬಲ್ಲವರು ಹೇಳಲಿ. ನನಗೆ ಈ ಪ್ರಶ್ನೆ ಎದ್ದದ್ದು ಹುಮನಾಬಾದಿನಲ್ಲಿ.

ಆ ಊರ ಹೊರಗೆ ಔಷಧಗಳಿಗೆ ಬೇಕಾದ ರಾಸಾಯನಿಕಗಳನ್ನು ತಯಾರಿಸುವ ಕಾರ್ಖಾನೆಗಳಿವೆ. ಒಂದು ಸಂಜೆ ಗೆಳೆಯರೊಬ್ಬರೊಡನೆ ಅತ್ತ ತಿರುಗಾಡಲು ಹೋಗಿದ್ದೆ. ಒಂದು ಬೇಲಿಯಾಚೆ ನೀಲಿಯ ಪೀಪಾಯಿಗಳು ಸಾಲುಸಾಲಾಗಿ ನಿಂತಿದ್ದುವು. ಅವುಗಳಲ್ಲಿ ಏನಿದೆಯೆಂದು ಕಾವಲುಗಾರನನ್ನು ಕೇಳಿದೆ. ಆತ ತುಸು ಯೋಚಿಸಿ, "ಮದ್ದು ಇರಬೇಕ್ರೀ" ಎಂದ. ಒಳಗೆ ಬಂದ ಸರಕೋ, ಹೊರಗೆ ಹೋಗಬೇಕಾದ ಕಸವೋ? ಅದು ಆತನಿಗೆ ತಿಳಿಯದು. ರಾತ್ರಿಯೆಲ್ಲ ಅವುಗಳ ಪಕ್ಕದಲ್ಲಿಯೇ ಕೂರುವವನು ಆತ.

ಆ ಉತ್ತರ ಕೇಳಿದೊಡನೆ ನನಗೆ ಬೀದರ ನೆನಪಾಯಿತು. 1657ರಲ್ಲಿ, ಇನ್ನೂ ರಾಜಕುಮಾರನಾಗಿದ್ದ ಔರಂಗಜೇಬನು ಬೀದರದ ಕೋಟೆಗೆ ಮುತ್ತಿಗೆ ಹಾಕಿದ. ಬಿಜಾಪುರದ ಪರವಾಗಿ ಕೋಟೆಯನ್ನು ಕಾಯುತ್ತಿದ್ದವನು ಸಿದ್ದಿ ಮರ್ಜಾನ್. ಮೊಗಲರ ಕಡೆಯಿಂದ ಹಾರಿಬಂದ ಬೆಂಕಿಯ ಬಾಣವೊಂದು ಬುರುಜಿನಲ್ಲಿ ಕೂಡಿಟ್ಟಿದ್ದ ಮದ್ದಿಗೆ ತಾಕಿತು. ಶತ್ರುವಿಗೆಂದು ಇಟ್ಟದ್ದು ಒಡೆಯನನ್ನೇ ಸುಟ್ಟಿತು. ಮರ್ಜಾನನೂ ಅವನ ಮಕ್ಕಳೂ ಬೆಂದರು, ಕೋಟೆ ಬಿದ್ದಿತು. ಸೇನೆ ಅಲ್ಲಿಂದ ಪಶ್ಚಿಮಕ್ಕೆ ತಿರುಗಿ, ಇಂದು ಬಸವಕಲ್ಯಾಣವೆಂದು ಕರೆಯುವ ಕಲ್ಯಾಣವನ್ನು ಮುತ್ತಿತು. ಆಗಸ್ಟಿನಲ್ಲಿ ಆ ಕೋಟೆಯೂ ಕೈಬಿಟ್ಟಿತು.

ಗೆದ್ದವರಾದರೂ ಪಾಠ ಕಲಿತರೆ? ಬೀದರದಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾ ಇತ್ತು. ಮೂರು ಅಂತಸ್ತಿನ ವಿದ್ಯಾಮಂದಿರ, ಹಸ್ತಪ್ರತಿಗಳ ಭಂಡಾರ, ಬಣ್ಣದ ಹೆಂಚುಗಳ ಕುಸುರಿ, ಎರಡು ಮಿನಾರು. ಆ ಕಟ್ಟಡದೊಳಗೆ ಮೊಗಲ ಸೇನೆಯವರು ಮದ್ದನ್ನು ತುಂಬಿದರು. 1696ರ ಸುಮಾರಿಗೆ ಅದು ಸಿಡಿಯಿತು. ಸಿಡಿಲು ಬಡಿಯಿತೆಂಬ ಮಾತೂ ಉಂಟು. ಸಿಡಿಲಿಗೆ ವಿವೇಕವಿಲ್ಲ, ನಿಜ. ಆದರೆ ಪಾಠಶಾಲೆಯಲ್ಲಿ ಮದ್ದು ತುಂಬಿದ್ದು ಸಿಡಿಲಲ್ಲ. ಇಂದು ಉಳಿದಿರುವುದು ಒಂದೇ ಮಿನಾರು. ಮುಂಭಾಗದ ಅರ್ಧ ಹಾರಿಹೋಗಿದೆ.

ಮದ್ದೆಂದರೆ ಇದ್ದಲು, ಗಂಧಕ, ಪೆಟ್ಲುಪ್ಪು. ಇವುಗಳಲ್ಲಿ ಪೆಟ್ಲುಪ್ಪಿನ ಗುಣ ವಿಚಿತ್ರವಾದುದು. ನೈಟ್ರೇಟುಗಳ ಕುಲಕ್ಕೆ ಸೇರಿದ ಈ ಉಪ್ಪು, ಉರಿಯುವುದಕ್ಕೆ ಬೇಕಾದ ಆಮ್ಲಜನಕವನ್ನು ತನ್ನಲ್ಲಿಯೇ ಬಚ್ಚಿಟ್ಟುಕೊಂಡಿರುತ್ತದೆ. ಹೊರಗಿನ ಗಾಳಿಯ ಹಂಗಿಲ್ಲ. ಬಾಗಿಲು ಮುಚ್ಚಿದರೆ ಬೆಂಕಿ ಆರುವುದೆಂಬ ನಮ್ಮ ಮನೆಯ ತಿಳಿವಳಿಕೆ ಇಲ್ಲಿ ನಡೆಯದು.

ಅದೇ ಕುಲದ ಉಪ್ಪು ನಮ್ಮ ಕಾಲದಲ್ಲಿ ಇನ್ನೂ ಘೋರವಾದ ಕಸದೊಡನೆ ಕೂಡಿಕೊಂಡಿತು. ಬಾಂಬಿಗೆ ಬೇಕಾದ ಪ್ಲುಟೋನಿಯಮನ್ನು ಬೇರ್ಪಡಿಸಲು ನೈಟ್ರಿಕ್ ಆಮ್ಲ ಬೇಕು. ಆದ್ದರಿಂದ ಉಳಿಯುವ ವಿಕಿರಣಯುಕ್ತ ಕಸದಲ್ಲಿ ನೈಟ್ರೇಟುಗಳಿರುತ್ತವೆ. ಈ ಕಸಕ್ಕೆ ಒಲೆ ಹೂಡಬೇಕಿಲ್ಲ. ತಾನಾಗಿಯೇ ಕಾಯುತ್ತಿರುತ್ತದೆ, ಸದಾ ತಣಿಸುತ್ತಲೇ ಇರಬೇಕು. ರಷ್ಯದ ಉರಾಲ್ ಸೀಮೆಯ ಮಯಾಕ್ ಕಾರ್ಖಾನೆಯಲ್ಲಿ ಇಂಥ ಒಂದು ತೊಟ್ಟಿಯ ತಣಿಸುವ ಏರ್ಪಾಡು ಕೆಟ್ಟಿತು. ನೀರು ಆವಿಯಾಗಿ ಉಪ್ಪು ಒಣಗಿತು. 1957ರ ಸೆಪ್ಟೆಂಬರ್ 29ರಂದು 70–80 ಟನ್ ಕಸವಿದ್ದ ತೊಟ್ಟಿ ಸಿಡಿದು, ಸುಮಾರು 160 ಟನ್ ತೂಕದ ಕಾಂಕ್ರೀಟಿನ ಮುಚ್ಚಳವನ್ನು ಎಸೆಯಿತು. ಅದು ಅಣುಬಾಂಬಿನ ಸ್ಫೋಟವಲ್ಲ. ಒಣಗಿದ ನೈಟ್ರೇಟು, ಅಸಿಟೇಟುಗಳ ರಾಸಾಯನಿಕ ಸ್ಫೋಟ. ಬೀದರದ ಮದ್ದಿನ ಮನೆಯ ದೂರದ ಬಂಧು ಎನ್ನಬಹುದು. ವ್ಯತ್ಯಾಸವಿಷ್ಟೆ: ಮದರಸಾದ ಹೊಗೆ ಸಂಜೆಗೆ ಕರಗಿದ್ದೀತು, ಮಯಾಕಿನ ಧೂಳು ನೂರಾರು ಮೈಲಿಯ ಹೊಲಗಳ ಮೇಲೆ ನೆಲಸಿತು.

ಆಕಾಶದಲ್ಲಿ ಕಂಡ ಬಣ್ಣವು ಉತ್ತರಧ್ರುವದ ಪ್ರಭೆಯೆಂದು ಅಲ್ಲಿಯ ಪತ್ರಿಕೆ ಬರೆಯಿತು. ಹತ್ತು ಸಾವಿರಕ್ಕೂ ಮೇಲ್ಪಟ್ಟು ಜನರನ್ನು ಒಕ್ಕಲೆಬ್ಬಿಸಿದರು. ಹಲವರ ಸರದಿ ಬಂದದ್ದು ತಿಂಗಳುಗಳ ಮೇಲೆ. ಅಷ್ಟು ದಿನವೂ ಅವರು ಅದೇ ನೆಲದ ಬೆಳೆಯನ್ನುಂಡರು, ಅದೇ ಹುಲ್ಲು ಮೇಯ್ದ ಹಸುವಿನ ಹಾಲು ಕುಡಿದರು. ಕಾರ್ಖಾನೆಯ ಊರು ನಕ್ಷೆಯಲ್ಲಿರಲಿಲ್ಲವಾಗಿ, ದುರಂತಕ್ಕೆ ನೆರೆಯೂರಾದ ಕಿಷ್ಟಿಮ್‌ನ ಹೆಸರು ಬಿತ್ತು. ದೇಶ ಬಿಟ್ಟಿದ್ದ ಜೀವಶಾಸ್ತ್ರಜ್ಞ ಜೋರೆಸ್ ಮೆದ್ವೆದೇವ್ 1976ರಲ್ಲಿ ವಿಷಯವನ್ನು ಬಯಲಿಗಿಟ್ಟಾಗ ಬ್ರಿಟನ್ನಿನ ಅಣುಶಕ್ತಿಯ ಮುಖ್ಯಸ್ಥರೇ ನಂಬಲಿಲ್ಲ. ಸೋವಿಯತ್ ಸರ್ಕಾರ ಒಪ್ಪಿಕೊಂಡದ್ದು 1989ರಲ್ಲಿ.

ಜಪಾನಿನಂಥ ಜಾಗರೂಕರ ನಾಡಿನಲ್ಲಿಯೂ, 1997ರ ಮಾರ್ಚ್ 11ರಂದು ಟೋಕಾಯಿಯಲ್ಲಿ ಡಾಮರಿನೊಡನೆ ಬೆರೆಸಿ ಪೀಪಾಯಿಗೆ ತುಂಬಿದ್ದ ವಿಕಿರಣಯುಕ್ತ ಕಸಕ್ಕೆ ಬೆಂಕಿ ಹತ್ತಿತು. ನೀರು ಚಿಮುಕಿಸಿ ಆರಿತೆಂದುಕೊಂಡರು. ಸುಮಾರು ಹತ್ತು ಗಂಟೆಗಳ ಮೇಲೆ ಕಟ್ಟಡ ಸ್ಫೋಟಿಸಿತು. 37 ಮಂದಿ ಕೆಲಸಗಾರರಿಗೆ ವಿಕಿರಣ ಸೋಂಕಿತು.

ಹುಮನಾಬಾದಿನ ಔಷಧ ಕಾರ್ಖಾನೆಗಳನ್ನು ಮಯಾಕಿಗೆ ಹೋಲಿಸುವುದು ನನ್ನ ಉದ್ದೇಶವಲ್ಲ. ಅಣುಶಕ್ತಿಯ ಕಸವೇ ಬೇರೆ, ದ್ರಾವಕದ ಪೀಪಾಯಿಯೇ ಬೇರೆ. ಆದರೆ ಈ ಎಲ್ಲ ಕಥೆಗಳಲ್ಲಿ ಒಂದು ಸಾಮ್ಯವಿದೆ. ಕೇಡು ಬಂದದ್ದು ಎಲ್ಲರ ಕಣ್ಣಿರುವ ಕುಲುಮೆಯಿಂದಲ್ಲ, ಯಾರ ಗಮನವೂ ಇಲ್ಲದ ಉಗ್ರಾಣದಿಂದ. 1984ರ ಡಿಸೆಂಬರಿನಲ್ಲಿ ಭೋಪಾಲದ ಜನರನ್ನು ಕೊಂದ ವಿಷವೂ ಕೂಡಿಟ್ಟ ತೊಟ್ಟಿಯಿಂದಲೇ ಹೊರಟಿತು.

ಭೋಪಾಲದ ಬಳಿಕ, 1987ರಲ್ಲಿ ನಮ್ಮ ಅಂದಿನ ಕಾರ್ಖಾನೆಗಳ ಕಾಯಿದೆಗೆ 41ಬಿ ಎಂಬ ಕಲಮು ಸೇರಿತು. ಅಪಾಯಕರ ಕಾರ್ಖಾನೆಯ ಒಡೆಯನು ಅಲ್ಲಿಯ ಅಪಾಯಗಳೇನೆಂಬುದನ್ನು ಸರ್ಕಾರಕ್ಕಷ್ಟೇ ಅಲ್ಲ, ಕೆಲಸಗಾರರಿಗೂ ನೆರೆಹೊರೆಯ ಜನರಿಗೂ ತಿಳಿಸಬೇಕೆಂದು ಅದು ವಿಧಿಸಿತ್ತು. ಒಳ್ಳೆಯ ಮಾತು. ಆದರೆ ನೆರೆಯ ರೈತನಿಗೆ ತಿಳಿಯುವ ಕನ್ನಡದಲ್ಲಿ, ಬಾಗಿಲಲ್ಲಿ ಕಾಣುವಂತೆ ಬರೆದು ನಿಲ್ಲಿಸಿದಾಗಲೇ ಅದು ತಿಳಿಸಿದಂತೆ.

ಹುಮನಾಬಾದಿನಿಂದ ಬಸವಕಲ್ಯಾಣ ಬಹಳ ದೂರವಿಲ್ಲ. ಮಡಿವಾಳ ಮಾಚಯ್ಯನೂ ಅಂಬಿಗರ ಚೌಡಯ್ಯನೂ ಮಂತ್ರಿಯಾದ ಬಸವಣ್ಣನೆದುರು ಕುಳಿತು ನೇರವಾಗಿ ಕೇಳಿದರೆಂದು, ಉತ್ತರ ಪಡೆದರೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಊರು ಅದು. ಆ ಹೆಮ್ಮೆ ನಿಜವಾಗಿದ್ದರೆ, ಬೇಲಿಯ ಪಕ್ಕದಲ್ಲಿ ರಾತ್ರಿ ಕಳೆಯುವ ಆ ಕಾವಲುಗಾರನಿಗೂ ಒಂದು ಪ್ರಶ್ನೆ ಕೇಳುವ ಹಕ್ಕಿದೆ: ಈ ಪೀಪಾಯಿಯಲ್ಲಿರುವುದು ಯಾವ ಮದ್ದು?